ಎಲೆಯ ಮದ್ದು ಯೀಸ್ಟಿನ ತೊಟ್ಟಿಯಲ್ಲಿ

ಮನೆಯಂಗಳದಲ್ಲಿ, ದೇವಸ್ಥಾನದ ಹೂದೋಟದಲ್ಲಿ, ಕೊನೆಗೆ ಪಾಳುಗೋಡೆಯ ಬಿರುಕಿನಲ್ಲಿಯೂ ವರ್ಷವಿಡೀ ಅರಳುವ ನಿತ್ಯಪುಷ್ಪವನ್ನು ಕಾಣದವರು ವಿರಳ. ಕಾಶಿಕಣಗಿಲೆ ಎಂದೂ ಕರೆಯಲಾಗುವ ಈ ಪುಟ್ಟ ಗಿಡದ ಮೂಲ ನೆಲೆ ಮಡಗಾಸ್ಕರ್ ದ್ವೀಪ. ಇದರ ಎಲೆಗಳಿಂದ ದೊರೆಯುವ ವಿನ್‌ಬ್ಲಾಸ್ಟೀನ್ ಮತ್ತು ವಿನ್‌ಕ್ರಿಸ್ಟೀನ್ ಎಂಬ ಎರಡು ವಸ್ತುಗಳು ಅರ್ಧ ಶತಮಾನಕ್ಕೂ ಹೆಚ್ಚು ಕಾಲದಿಂದ ಕ್ಯಾನ್ಸರ್ ಚಿಕಿತ್ಸೆಯಲ್ಲಿ ಬಳಕೆಯಲ್ಲಿವೆ. ಮಕ್ಕಳ ರಕ್ತ ಕ್ಯಾನ್ಸರಿಗೆ ನೀಡುವ ಔಷಧಗಳ ಸಾಲಿನಲ್ಲಿ ವಿನ್‌ಕ್ರಿಸ್ಟೀನಿಗೆ ಇಂದಿಗೂ ಪ್ರಮುಖ ಸ್ಥಾನವಿದೆ. ಆದರೆ ಗಿಡವು ಈ ವಸ್ತುಗಳನ್ನು ಕೊಡುವುದು ಬಹಳ ಜಿಪುಣತನದಿಂದ. ಒಂದು ಗ್ರಾಂ ವಿನ್‌ಬ್ಲಾಸ್ಟೀನ್ ಪಡೆಯಬೇಕಾದರೆ ನೂರಾರು ಕಿಲೋ ಒಣ ಎಲೆ ಬೇಕು.

2022ರ ಆಗಸ್ಟ್ ತಿಂಗಳಲ್ಲಿ ಡೆನ್ಮಾರ್ಕಿನ ತಾಂತ್ರಿಕ ವಿಶ್ವವಿದ್ಯಾನಿಲಯ ಹಾಗೂ ಅಮೆರಿಕದ ಬರ್ಕ್ಲಿಯ ವಿಜ್ಞಾನಿಗಳ ತಂಡವೊಂದು ‘ನೇಚರ್’ ಪತ್ರಿಕೆಯಲ್ಲಿ ಒಂದು ವರದಿಯನ್ನು ಪ್ರಕಟಿಸಿತು. ನಿತ್ಯಪುಷ್ಪದ ಎಲೆಯೊಳಗೆ ನಡೆಯುವ ಈ ರಸಾಯನ ಕಾರ್ಯವನ್ನು ಬ್ರೆಡ್ಡಿನ ಹಿಟ್ಟನ್ನು ಉಬ್ಬಿಸುವ ಯೀಸ್ಟ್ ಎಂಬ ಏಕಕೋಶ ಜೀವಿಯೊಳಗೆ ನಡೆಯಿಸಿ, ಔಷಧದ ಎರಡು ಅರ್ಧಭಾಗಗಳನ್ನು ಅದರಿಂದಲೇ ಪಡೆದಿರುವುದಾಗಿ ಆ ವರದಿ ತಿಳಿಸಿತು. ಗಿಡವಿಲ್ಲದೆ ಗಿಡಮೂಲಿಕೆಯ ಸಾರವನ್ನು ಪಡೆಯುವ ಈ ವಿದ್ಯೆ ಯಾವುದು, ಅದು ಎಲ್ಲಿಯವರೆಗೆ ಬಂದಿದೆ, ಅದರಿಂದ ರೋಗಿಗೆ, ರೈತನಿಗೆ ಮತ್ತು ಕಾಡಿಗೆ ಆಗುವುದೇನು ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಗಿಡದ ಜಿಪುಣತನ

ಸಸ್ಯಗಳು ಔಷಧೀಯ ವಸ್ತುಗಳನ್ನು ತಯಾರಿಸುವುದು ಮನುಷ್ಯನ ಉಪಕಾರಕ್ಕಾಗಿ ಅಲ್ಲ. ಓಡಲಾಗದ ಸಸ್ಯವು ಕೀಟಗಳನ್ನು, ಮೇಯುವ ಪ್ರಾಣಿಗಳನ್ನು ಮತ್ತು ಶಿಲೀಂಧ್ರಗಳನ್ನು ದೂರವಿಡಲು ಕಹಿಯನ್ನೂ ವಿಷವನ್ನೂ ಆಶ್ರಯಿಸುತ್ತದೆ. ಪ್ರಾಣಿಯ ನರಕ್ಕೆ, ಹೃದಯಕ್ಕೆ ಅಥವಾ ವಿಭಜನೆಯಾಗುವ ಜೀವಕೋಶಕ್ಕೆ ತಾಗುವ ಈ ವಿಷವೇ ಸರಿಯಾದ ಪ್ರಮಾಣದಲ್ಲಿ ಮದ್ದಾಗುತ್ತದೆ. ವಿನ್‌ಬ್ಲಾಸ್ಟೀನಿನ ಕಥೆಯೂ ಇಂತಹುದೇ. ಜಮೈಕಾದಲ್ಲಿ ಜನರು ಮಧುಮೇಹಕ್ಕೆಂದು ನಿತ್ಯಪುಷ್ಪದ ಎಲೆಯ ಕಷಾಯವನ್ನು ಕುಡಿಯುತ್ತಿದ್ದರು. ಅದನ್ನು ಪರೀಕ್ಷಿಸಿದ ಕೆನಡಾದ ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬಿಯರ್ ಅವರಿಗೆ ಸಕ್ಕರೆ ಅಂಶ ಇಳಿದದ್ದು ಕಾಣಲಿಲ್ಲ. ಬದಲಾಗಿ ಇಲಿಗಳ ರಕ್ತದಲ್ಲಿ ಬಿಳಿ ಕಣಗಳು ಕಡಿಮೆಯಾಗುವುದು ಕಂಡಿತು. ಬಿಳಿ ಕಣಗಳು ಮಿತಿಮೀರಿ ಹೆಚ್ಚುವ ರೋಗಕ್ಕೆ ಇದು ಮದ್ದಾಗಬಹುದೆಂಬ ಊಹೆಯಿಂದ ಮುಂದುವರಿದು, 1958ರಲ್ಲಿ ಅವರು ವಿನ್‌ಬ್ಲಾಸ್ಟೀನನ್ನು ಬೇರ್ಪಡಿಸಿದರು.

ಇಂತಹ ವಸ್ತುಗಳನ್ನು ಪ್ರಯೋಗಾಲಯದಲ್ಲಿ ರಾಸಾಯನಿಕ ವಿಧಾನದಿಂದಲೇ ತಯಾರಿಸಬಾರದೇಕೆ ಎಂಬ ಪ್ರಶ್ನೆ ಸಹಜ. ಆಸ್ಪಿರಿನ್‌ನಂತಹ ಸರಳ ಅಣುವಿಗೆ ಅದು ಸುಲಭ. ಆದರೆ ವಿನ್‌ಬ್ಲಾಸ್ಟೀನಿನಂತಹ ಅಣುವಿನಲ್ಲಿ ಉಂಗುರಗಳು ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಎಡಗೈ ಬಲಗೈಗಳಂತೆ ಕನ್ನಡಿ ಬಿಂಬಗಳಾಗಿರುವ ಎರಡು ರೂಪಗಳಲ್ಲಿ ಒಂದು ಮಾತ್ರ ಮದ್ದಾಗಿರುತ್ತದೆ. ಇದನ್ನು ಹತ್ತಾರು ಹಂತಗಳಲ್ಲಿ ಕಟ್ಟುತ್ತಾ ಹೋದರೆ ಪ್ರತಿ ಹಂತದಲ್ಲಿಯೂ ಸ್ವಲ್ಪ ನಷ್ಟವಾಗಿ, ಕೊನೆಗೆ ಕೈಗೆ ಸಿಗುವುದು ಅತ್ಯಲ್ಪ, ತಗಲುವ ವೆಚ್ಚ ಅಪಾರ. ಆದ್ದರಿಂದಲೇ ಔಷಧ ಕಂಪನಿಗಳು ಇಂದಿಗೂ ಹೊಲವನ್ನೂ ಕಾಡನ್ನೂ ಅವಲಂಬಿಸಿವೆ. ಮಳೆ ತಪ್ಪಿದರೆ, ರೋಗ ತಗುಲಿದರೆ ಅಥವಾ ರೈತ ಬೇರೆ ಬೆಳೆಗೆ ಹೊರಳಿದರೆ ದೂರದ ಆಸ್ಪತ್ರೆಯ ರೋಗಿಗೆ ಅದರ ಬಿಸಿ ತಟ್ಟುತ್ತದೆ.

ಯೀಸ್ಟೇ ಏಕೆ?

ಮುಂಜಾನೆ ಇಳಿಸಿದ ನೀರಾ ಹೊತ್ತೇರುತ್ತಿದ್ದಂತೆ ಹುಳಿತು ಸೇಂದಿಯಾಗುವುದರಲ್ಲಿ ಪ್ರಧಾನ ಪಾತ್ರ ಯೀಸ್ಟಿನದು. ಸಕ್ಕರೆಯನ್ನು ತಿಂದು ಮದ್ಯಸಾರವನ್ನೂ ಇಂಗಾಲದ ಡೈ ಆಕ್ಸೈಡನ್ನೂ ಹೊರಬಿಡುವ ಈ ಜೀವಿಯನ್ನು ಮನುಷ್ಯ ಸಾವಿರಾರು ವರ್ಷಗಳಿಂದ ಪಳಗಿಸಿದ್ದಾನೆ. ಬೃಹತ್ ತೊಟ್ಟಿಗಳಲ್ಲಿ ಅದನ್ನು ಬೆಳೆಸುವ ವಿದ್ಯೆ ಬ್ರೂವರಿಗಳಿಗೆ ಕರತಲಾಮಲಕ. 1996ರಲ್ಲಿ ಇದರ ಸಂಪೂರ್ಣ ಆನುವಂಶಿಕ ಲಿಪಿಯನ್ನು ಓದಿ ಮುಗಿಸಲಾಯಿತು. ಕೋಶಕೇಂದ್ರವುಳ್ಳ ಜೀವಿಗಳಲ್ಲಿ ಹೀಗೆ ಪೂರ್ಣವಾಗಿ ಓದಲ್ಪಟ್ಟ ಮೊದಲನೆಯದು ಯೀಸ್ಟ್. ಅದರಲ್ಲಿರುವ ಸುಮಾರು 6,000 ವಂಶವಾಹಿಗಳ ಪೈಕಿ ಯಾವುದನ್ನು ಬೇಕಾದರೂ ತೆಗೆಯುವ, ತಗ್ಗಿಸುವ, ಹೊಸದನ್ನು ಸೇರಿಸುವ ತಂತ್ರಗಳು ಇಂದು ವಿಜ್ಞಾನಿಗಳ ಕೈಯಲ್ಲಿವೆ.

ಯೀಸ್ಟಿನಿಂದ ಮದ್ದು ತಯಾರಿಸುವುದು ಕರ್ನಾಟಕಕ್ಕೆ ಹೊಸ ಸಂಗತಿಯೇನೂ ಅಲ್ಲ. ಬೆಂಗಳೂರಿನ ಬಯೋಕಾನ್ ಸಂಸ್ಥೆ 2004ರಲ್ಲಿ ಮಾರುಕಟ್ಟೆಗೆ ತಂದ ಇನ್ಸುಲಿನ್ ತಯಾರಾದದ್ದು ಪಿಕಿಯಾ ಎಂಬ ಮತ್ತೊಂದು ಜಾತಿಯ ಯೀಸ್ಟಿನಲ್ಲಿ. ಹೆಪಟೈಟಿಸ್-ಬಿ ಲಸಿಕೆಯೂ ಯೀಸ್ಟಿನಿಂದಲೇ ಬರುತ್ತದೆ. ಆದರೆ ಇಲ್ಲೊಂದು ಮುಖ್ಯ ವ್ಯತ್ಯಾಸವನ್ನು ಗಮನಿಸಬೇಕು. ಇನ್ಸುಲಿನ್ ಒಂದು ಪ್ರೋಟೀನು. ಅದರ ವಂಶವಾಹಿಯೊಂದನ್ನು ಯೀಸ್ಟಿಗೆ ಸೇರಿಸಿದರೆ, ಯೀಸ್ಟು ಆ ಲಿಪಿಯನ್ನು ಓದಿ ನೇರವಾಗಿ ಆ ಪ್ರೋಟೀನನ್ನು ತಯಾರಿಸುತ್ತದೆ. ಸಸ್ಯದ ಔಷಧವಾದರೋ ಪ್ರೋಟೀನಲ್ಲ. ಅದಕ್ಕೆ ತನ್ನದೇ ಆದ ವಂಶವಾಹಿ ಎಂಬುದಿಲ್ಲ. ಅದು ಹತ್ತಾರು ಕಿಣ್ವಗಳು ಒಂದರ ನಂತರ ಒಂದು ಕೈಯಾಡಿಸಿದ ಮೇಲೆ ಉಂಟಾಗುವ ವಸ್ತು. ಪ್ರತಿಯೊಂದು ಕಿಣ್ವಕ್ಕೂ ಒಂದೊಂದು ವಂಶವಾಹಿ ಬೇಕು. ಒಬ್ಬ ಬಾಣಸಿಗನನ್ನು ಕರೆತಂದರೆ ಸಾಲದು, ಇಡೀ ಅಡುಗೆಮನೆಯನ್ನೇ ಪಾತ್ರೆಪರಡಿ ಸಹಿತ ಎತ್ತಿ ತಂದು ಬೇರೊಬ್ಬರ ಮನೆಯಲ್ಲಿ ಹೂಡಬೇಕು.

ಹಾಗಿದ್ದರೆ ಇನ್ನೂ ವೇಗವಾಗಿ ಬೆಳೆಯುವ ಬ್ಯಾಕ್ಟೀರಿಯವನ್ನು ಬಳಸಬಾರದೇ? ಕೆಲವು ವಸ್ತುಗಳಿಗೆ ಬಳಸುತ್ತಾರೆ. ಆದರೆ ಸಸ್ಯ ಔಷಧಗಳ ತಯಾರಿಯಲ್ಲಿ ಪಿ-450 ಎಂಬ ಕಿಣ್ವ ಸಮೂಹ ಮತ್ತೆ ಮತ್ತೆ ಎದುರಾಗುತ್ತದೆ. ಅಣುವಿಗೆ ಆಮ್ಲಜನಕವನ್ನು ಜೋಡಿಸುವ ಈ ಕಿಣ್ವಗಳು ಕೋಶದ ಒಳಗಿನ ಪೊರೆಗಳ ಮೇಲೆ ಕುಳಿತು ಕೆಲಸ ಮಾಡುತ್ತವೆ. ಬ್ಯಾಕ್ಟೀರಿಯದಲ್ಲಿ ಅಂತಹ ಒಳಪೊರೆಗಳಿಲ್ಲ. ಸಸ್ಯಕೋಶದಂತೆಯೇ ಒಳಕೋಣೆಗಳುಳ್ಳ ಯೀಸ್ಟಿನಲ್ಲಿ ಅವು ನೆಲೆಯೂರುವ ಸಾಧ್ಯತೆ ಹೆಚ್ಚು.

ಚಳಿಜ್ವರದ ಮದ್ದು

ಈ ವಿದ್ಯೆಯ ಶಕ್ತಿಯನ್ನೂ ಮಿತಿಯನ್ನೂ ಒಟ್ಟಿಗೇ ತೋರಿಸಿಕೊಡುವುದು ಆರ್ಟೆಮಿಸಿನಿನ್ ಎಂಬ ಮಲೇರಿಯಾ ಔಷಧದ ಕಥೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2023ರಲ್ಲಿ ಜಗತ್ತಿನಲ್ಲಿ 26.3 ಕೋಟಿ ಮಲೇರಿಯಾ ಪ್ರಕರಣಗಳು ಕಂಡುಬಂದವು, 5.97 ಲಕ್ಷ ಜನ ಸತ್ತರು. ಸತ್ತವರಲ್ಲಿ ಬಹುಪಾಲು ಆಫ್ರಿಕದ ಐದು ವರ್ಷದೊಳಗಿನ ಮಕ್ಕಳು.

ಆರ್ಟೆಮಿಸಿನಿನ್ ದೊರೆಯುವುದು ಆರ್ಟೆಮಿಸಿಯಾ ಆನುವಾ ಎಂಬ ಗಿಡದ ಎಲೆಯಿಂದ. ನಮ್ಮಲ್ಲಿ ಹೂಮಾಲೆಗೆ ಸೇರಿಸುವ ಸುವಾಸನೆಯ ದವನವೂ ಇದೇ ಆರ್ಟೆಮಿಸಿಯಾ ಕುಲಕ್ಕೆ ಸೇರಿದ್ದು. ವಿಯೆಟ್ನಾಂ ಯುದ್ಧದ ಕಾಲದಲ್ಲಿ, 1967ರಲ್ಲಿ, ಚೀನಾ ಸರಕಾರ ಹೊಸ ಮಲೇರಿಯಾ ಮದ್ದಿನ ಶೋಧಕ್ಕಾಗಿ ರಹಸ್ಯ ಯೋಜನೆಯೊಂದನ್ನು ಆರಂಭಿಸಿತು. ಅದರಲ್ಲಿ ಪಾಲ್ಗೊಂಡ ತು ಯುಯು ಎಂಬ ವಿಜ್ಞಾನಿ ನಾಲ್ಕನೆಯ ಶತಮಾನದ ವೈದ್ಯ ಗೆ ಹಾಂಗನ ಗ್ರಂಥದಲ್ಲಿ, ಈ ಸೊಪ್ಪನ್ನು ನೀರಿನಲ್ಲಿ ನೆನೆಸಿ ಹಿಂಡಿ ರಸವನ್ನು ಕುಡಿಯಬೇಕೆಂಬ ಸೂಚನೆಯನ್ನು ಕಂಡರು. ಕುದಿಸಬೇಕೆಂದು ಅಲ್ಲಿ ಹೇಳಿರಲಿಲ್ಲ. ಬಿಸಿಯಿಂದ ಮದ್ದಿನ ಗುಣ ಕೆಡುತ್ತಿರಬಹುದೆಂದು ಊಹಿಸಿದ ಅವರು, ಕಡಿಮೆ ಉಷ್ಣತೆಯಲ್ಲಿ ಕುದಿಯುವ ಈಥರ್ ದ್ರಾವಕದಲ್ಲಿ ಸಾರವನ್ನು ತೆಗೆದರು. 1971ರಲ್ಲಿ ಆ ಸಾರ ಇಲಿಗಳ ಮಲೇರಿಯಾವನ್ನು ಸಂಪೂರ್ಣವಾಗಿ ಗುಣಪಡಿಸಿತು. ಈ ಸಾಧನೆಗಾಗಿ ಅವರಿಗೆ 2015ರ ವೈದ್ಯಕೀಯ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಲಭಿಸಿತು.

ಹಳೆಯ ಔಷಧಗಳಿಗೆ ರೋಗಾಣು ಬಗ್ಗದಂತಾದಾಗ, ಆರ್ಟೆಮಿಸಿನಿನ್ ವರ್ಗದ ಔಷಧವನ್ನು ಮತ್ತೊಂದು ಔಷಧದೊಂದಿಗೆ ಬೆರೆಸಿ ಕೊಡುವಂತೆ ವಿಶ್ವ ಆರೋಗ್ಯ ಸಂಸ್ಥೆ 2001ರಲ್ಲಿ ಶಿಫಾರಸು ಮಾಡಿತು. ಬೇಡಿಕೆ ಏಕಾಏಕಿ ಏರಿತು. 2005ರ ಸುಮಾರಿಗೆ ಆರ್ಟೆಮಿಸಿನಿನ್ ಬೆಲೆ ಕಿಲೋಗೆ ಸಾವಿರ ಡಾಲರನ್ನು ದಾಟಿತು. ಬೆಲೆಯನ್ನು ಕಂಡು ಚೀನಾ, ವಿಯೆಟ್ನಾಂ ಮತ್ತು ಪೂರ್ವ ಆಫ್ರಿಕದ ರೈತರು ಮುಗಿಬಿದ್ದು ಬೆಳೆದರು. 2007ರ ವೇಳೆಗೆ ಬೆಲೆ 200 ಡಾಲರಿನ ಆಸುಪಾಸಿಗೆ ಕುಸಿಯಿತು. ಕೈಸುಟ್ಟುಕೊಂಡ ರೈತರು ಬೆಳೆಯನ್ನು ಬಿಟ್ಟರು, ಕೆಲವೇ ವರ್ಷಗಳಲ್ಲಿ ಮತ್ತೆ ಅಭಾವ ತಲೆದೋರಿತು. ಇದೇ ದಶಕದಲ್ಲಿ ವೆನಿಲ್ಲಾದ ಏರಿಳಿತವನ್ನು ಕಂಡುಂಡ ಮಲೆನಾಡಿನ ಕೃಷಿಕರಿಗೆ ಈ ಚಕ್ರವನ್ನು ವಿವರಿಸಬೇಕಾಗಿಲ್ಲ. ವ್ಯತ್ಯಾಸವಿಷ್ಟೇ: ವೆನಿಲ್ಲಾ ಇಲ್ಲದಿದ್ದರೆ ಐಸ್‌ಕ್ರೀಮಿನ ರುಚಿ ಕೆಡುತ್ತದೆ, ಆರ್ಟೆಮಿಸಿನಿನ್ ಇಲ್ಲದಿದ್ದರೆ ಮಕ್ಕಳು ಸಾಯುತ್ತಾರೆ.

ತೂಬು ತಿರುಗಿಸಿದ ಬಗೆ

ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಜೇ ಕೀಸ್ಲಿಂಗ್ ಎಂಬ ರಾಸಾಯನಿಕ ಎಂಜಿನಿಯರ್ ಈ ಸಮಸ್ಯೆಯನ್ನು ಕೈಗೆತ್ತಿಕೊಂಡರು. 2003ರಲ್ಲಿ ಅವರ ತಂಡ ಆರ್ಟೆಮಿಸಿನಿನ್‌ನ ಪೂರ್ವರೂಪವಾದ ಅಮಾರ್ಫಡೈಯೀನ್ ಎಂಬ ವಸ್ತುವನ್ನು ಬ್ಯಾಕ್ಟೀರಿಯದಲ್ಲಿ ತಯಾರಿಸಿತು. 2004ರ ಡಿಸೆಂಬರಿನಲ್ಲಿ ಗೇಟ್ಸ್ ಪ್ರತಿಷ್ಠಾನ ಈ ಯೋಜನೆಗೆ 4.26 ಕೋಟಿ ಡಾಲರ್ ನೆರವು ಘೋಷಿಸಿತು. ಬರ್ಕ್ಲಿ ವಿಶ್ವವಿದ್ಯಾನಿಲಯ, ಕೀಸ್ಲಿಂಗ್ ಮತ್ತು ಅವರ ಸಹೋದ್ಯೋಗಿಗಳು ಸ್ಥಾಪಿಸಿದ ಅಮೈರಿಸ್ ಕಂಪನಿ ಹಾಗೂ ಒನ್‌ವರ್ಲ್ಡ್ ಹೆಲ್ತ್ ಎಂಬ ಲಾಭರಹಿತ ಸಂಸ್ಥೆ ಕೈಜೋಡಿಸಿದವು.

ಅವರು ಮಾಡಿದ್ದನ್ನು ನೀರಾವರಿಯ ಹೋಲಿಕೆಯಿಂದ ಸುಲಭವಾಗಿ ತಿಳಿಯಬಹುದು. ಯೀಸ್ಟು ತಿಂದ ಸಕ್ಕರೆಯಲ್ಲಿ ಒಂದಂಶ ಹಂತಹಂತವಾಗಿ ರೂಪಾಂತರ ಹೊಂದಿ, ಹದಿನೈದು ಇಂಗಾಲದ ಪರಮಾಣುಗಳುಳ್ಳ ಫಾರ್ನೆಸಿಲ್ ಪೈರೋಫಾಸ್ಫೇಟ್ ಎಂಬ ವಸ್ತುವಾಗುತ್ತದೆ. ಸಾಮಾನ್ಯವಾಗಿ ಯೀಸ್ಟು ಇದನ್ನು ತನ್ನ ಕೋಶದ ಪೊರೆಗೆ ಬೇಕಾದ ಎರ್ಗೋಸ್ಟೆರಾಲ್ ತಯಾರಿಗೆ ಬಳಸಿಕೊಳ್ಳುತ್ತದೆ. ವಿಶೇಷವೆಂದರೆ ಆರ್ಟೆಮಿಸಿಯಾ ಗಿಡವೂ ತನ್ನ ಮದ್ದನ್ನು ಆರಂಭಿಸುವುದು ಇದೇ ವಸ್ತುವಿನಿಂದ. ಅಂದರೆ ಕಾಲುವೆ ಅಲ್ಲಿಯವರೆಗೆ ಆಗಲೇ ತೋಡಲ್ಪಟ್ಟಿದೆ. ವಿಜ್ಞಾನಿಗಳು ಮೂರು ಕೆಲಸಗಳನ್ನು ಮಾಡಿದರು. ಮೊದಲನೆಯದಾಗಿ, ಮೇಲ್ಗಾಲುವೆಯನ್ನು ಅಗಲಿಸಿದರು. ಆ ಹಾದಿಯ ಯೀಸ್ಟಿನದೇ ವಂಶವಾಹಿಗಳು ಹೆಚ್ಚು ಕೆಲಸ ಮಾಡುವಂತೆ ತಿದ್ದಿದರು. ಎರಡನೆಯದಾಗಿ, ಎರ್ಗೋಸ್ಟೆರಾಲಿನ ಕಡೆಗೆ ಹರಿಯುವ ತೂಬನ್ನು ಕಿರಿದುಗೊಳಿಸಿದರು. ಪೂರ್ತಿ ಮುಚ್ಚಿದರೆ ಯೀಸ್ಟು ಸಾಯುತ್ತದೆ, ಆದ್ದರಿಂದ ಅದರ ಜೀವಕ್ಕೆ ಬೇಕಾದಷ್ಟನ್ನು ಮಾತ್ರ ಬಿಟ್ಟರು. ಮೂರನೆಯದಾಗಿ, ಗಿಡದಿಂದ ತಂದ ವಂಶವಾಹಿಗಳ ಮೂಲಕ ಹೊಸ ಕಾಲುವೆಯನ್ನು ತೋಡಿದರು. ಮೊದಲ ಕಿಣ್ವ ಅಮಾರ್ಫಡೈಯೀನನ್ನು ತಯಾರಿಸಿದರೆ, ಪಿ-450 ವರ್ಗದ ಕಿಣ್ವವೊಂದು ಅದಕ್ಕೆ ಆಮ್ಲಜನಕವನ್ನು ಸೇರಿಸಿ ಆರ್ಟೆಮಿಸಿನಿಕ್ ಆಮ್ಲವನ್ನಾಗಿಸಿತು.

2006ರ ಏಪ್ರಿಲಿನಲ್ಲಿ ಪ್ರಕಟವಾದ ಈ ಪ್ರಯೋಗದಲ್ಲಿ ಲೀಟರಿಗೆ 100 ಮಿಲಿಗ್ರಾಂವರೆಗೆ ಆಮ್ಲ ದೊರೆಯಿತು. ವಿಜ್ಞಾನದ ದೃಷ್ಟಿಯಿಂದ ಇದು ಮೈಲಿಗಲ್ಲು, ಕಾರ್ಖಾನೆಯ ದೃಷ್ಟಿಯಿಂದ ಏನೇನೂ ಸಾಲದು. ಮುಂದಿನ ಏಳು ವರ್ಷ ನಡೆದದ್ದು ಸದ್ದಿಲ್ಲದ ದುಡಿಮೆ. ನಡುಹಂತದಲ್ಲಿ ಉಂಟಾಗುವ ಆಲ್ಡಿಹೈಡ್ ಎಂಬ ವಸ್ತು ಶೇಖರವಾದಂತೆಲ್ಲ ಯೀಸ್ಟಿಗೆ ವಿಷವಾಗುತ್ತಿತ್ತು. ಗಿಡ ಇದನ್ನು ಹೇಗೆ ನಿಭಾಯಿಸುತ್ತದೆಂದು ಹುಡುಕಿದಾಗ, ಈ ಕೆಲಸಕ್ಕೆಂದೇ ಗಿಡದಲ್ಲಿ ಬೇರೆ ಕಿಣ್ವಗಳಿರುವುದು ಗೊತ್ತಾಯಿತು. ಅವುಗಳನ್ನೂ ಸೇರಿಸಿ, ಯೀಸ್ಟಿನ ತಳಿಯನ್ನೂ ಸಾಕಣೆಯ ಕ್ರಮವನ್ನೂ ಬದಲಿಸಿದ ಮೇಲೆ 2013ರಲ್ಲಿ ಲೀಟರಿಗೆ 25 ಗ್ರಾಂ ಇಳುವರಿ ದೊರೆತ ವರದಿ ಬಂದಿತು. ಮೊದಲಿನದಕ್ಕಿಂತ ಇದು 250 ಪಟ್ಟು ಹೆಚ್ಚು.

ಯೀಸ್ಟು ಕೊಡುವುದು ಆಮ್ಲವನ್ನು ಮಾತ್ರ. ಅದನ್ನು ಆರ್ಟೆಮಿಸಿನಿನ್ ಆಗಿ ಪರಿವರ್ತಿಸುವ ಕೊನೆಯ ಹಂತ ರಸಾಯನಶಾಸ್ತ್ರದ್ದು. ಆದ್ದರಿಂದಲೇ ಈ ಔಷಧಕ್ಕೆ ಅರೆಕೃತಕ ಆರ್ಟೆಮಿಸಿನಿನ್ ಎಂಬ ಹೆಸರು. ಗಿಡದ್ದಕ್ಕೂ ಇದಕ್ಕೂ ಅಣುವಿನ ಮಟ್ಟದಲ್ಲಿ ಭೇದವಿಲ್ಲ.

ಪ್ರಯೋಗಾಲಯ ಗೆದ್ದಿತು, ಮಾರುಕಟ್ಟೆ ಸೋಲಿಸಿತು

ಫ್ರಾನ್ಸಿನ ಸನೋಫಿ ಕಂಪನಿ ಇಟಲಿಯ ಗರೆಸ್ಸಿಯೋ ಎಂಬಲ್ಲಿನ ತನ್ನ ಕಾರ್ಖಾನೆಯಲ್ಲಿ ಉತ್ಪಾದನೆಯನ್ನು ಕೈಗೊಂಡಿತು. ಲಾಭವೂ ಇಲ್ಲ, ನಷ್ಟವೂ ಇಲ್ಲ ಎಂಬ ನೀತಿಯಂತೆ ಮಾರುವುದಾಗಿ ಒಪ್ಪಿಕೊಂಡಿತು. 2013ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಅನುಮೋದನೆ ದೊರೆಯಿತು. 2014ರ ಆಗಸ್ಟಿನಲ್ಲಿ ಈ ಆರ್ಟೆಮಿಸಿನಿನ್ ಒಳಗೊಂಡ 17 ಲಕ್ಷ ಚಿಕಿತ್ಸೆಗಳಿಗಾಗುವಷ್ಟು ಔಷಧ ಆಫ್ರಿಕದ ಆರು ದೇಶಗಳತ್ತ ಸಾಗಿತು. ಯೀಸ್ಟಿನಲ್ಲಿ ಹುಟ್ಟಿದ ಸಸ್ಯ ಔಷಧವೊಂದು ಆ ಮಟ್ಟದಲ್ಲಿ ರೋಗಿಗಳನ್ನು ತಲುಪಿದ್ದು ಅಪೂರ್ವ ಘಟನೆ.

ಆದರೆ ಅಷ್ಟರಲ್ಲಿ ಹೊಲದ ಬೆಲೆ ಮತ್ತೆ ಇಳಿದಿತ್ತು. ಸನೋಫಿಯ ಅಸಲು ಬೆಲೆ ಕಿಲೋಗೆ 350ರಿಂದ 400 ಡಾಲರ್. ರೈತರ ಎಲೆಯಿಂದ ತೆಗೆದದ್ದು 250 ಡಾಲರಿಗೂ ಕಡಿಮೆಗೆ ಸಿಗುತ್ತಿತ್ತು. ಒಂದೇ ಅಣು, ಒಂದೇ ಗುಣ. ಹೀಗಿರುವಾಗ ಔಷಧ ಕಂಪನಿಗಳು ದುಬಾರಿಯಾದುದನ್ನು ಏಕೆ ಕೊಳ್ಳಬೇಕು? ವರ್ಷಕ್ಕೆ ಸುಮಾರು 60 ಟನ್ ತಯಾರಿಸಬಲ್ಲ ಕಾರ್ಖಾನೆ 2015ರಲ್ಲಿ ಒಂದು ಕಿಲೋ ಆರ್ಟೆಮಿಸಿನಿನನ್ನೂ ತಯಾರಿಸಲಿಲ್ಲ. ಮುಂದೆ ಅದನ್ನು ಬಲ್ಗೇರಿಯಾದ ಹ್ಯುವೆಫಾರ್ಮಾ ಕಂಪನಿಗೆ ಮಾರಲಾಯಿತು. ಇತರ ಉತ್ಪನ್ನಗಳತ್ತ ಹೊರಳಿದ್ದ ಅಮೈರಿಸ್ ಕಂಪನಿಯೂ 2023ರಲ್ಲಿ ದಿವಾಳಿ ಕಾನೂನಿನ ರಕ್ಷಣೆಯನ್ನು ಕೋರಬೇಕಾಯಿತು.

ಇಲ್ಲಿ ಯೀಸ್ಟಿನ ಎದುರಾಳಿಯಾಗಿ ನಿಂತದ್ದು ಸುಧಾರಿತ ಕೃಷಿ. ಗಿಡದಲ್ಲಿ ಆರ್ಟೆಮಿಸಿನಿನ್ ಪ್ರಮಾಣ ಒಣ ಎಲೆಯ ತೂಕದ ಶೇಕಡಾ ಒಂದರ ಆಸುಪಾಸಿಗೆ ಬರುವಂತೆ ತಳಿ ವಿಜ್ಞಾನಿಗಳು ಶ್ರಮಿಸಿದ್ದರು. ಲಖನೌದ ಕೇಂದ್ರೀಯ ಔಷಧೀಯ ಮತ್ತು ಸುಗಂಧ ಸಸ್ಯ ಸಂಸ್ಥೆಯೂ ಅಂತಹ ತಳಿಗಳನ್ನು ರೂಪಿಸಿತು. ಇಂಗ್ಲೆಂಡಿನ ಯಾರ್ಕ್ ವಿಶ್ವವಿದ್ಯಾನಿಲಯ 2010ರಲ್ಲಿ ಈ ಗಿಡದ ಆನುವಂಶಿಕ ನಕಾಶೆಯನ್ನು ಪ್ರಕಟಿಸಿತು. ಆ ಕಾರ್ಯಕ್ಕೂ ಗೇಟ್ಸ್ ಪ್ರತಿಷ್ಠಾನದ್ದೇ ನೆರವು ಇತ್ತೆಂಬುದು ಕುತೂಹಲಕರ. ಶೇಕಡಾ ಒಂದು ಎಂಬುದು ಸಸ್ಯ ಔಷಧದ ಲೆಕ್ಕದಲ್ಲಿ ಉದಾರವಾದ ಇಳುವರಿ. ಅಂತಹ ಗಿಡದೊಂದಿಗೆ ಸ್ಪರ್ಧಿಸುವುದು ಯೀಸ್ಟಿಗೆ ಕಷ್ಟ. ಹಾಗೆಂದು ಶ್ರಮವೆಲ್ಲ ವ್ಯರ್ಥವಾಯಿತೆನ್ನಲಾಗದು. ಹೊಲದ ಬೆಲೆ ಮತ್ತೊಮ್ಮೆ ಸಾವಿರ ಡಾಲರಿಗೆ ಏರಿದರೆ ತೊಟ್ಟಿಯಿಂದ ಮದ್ದನ್ನು ತೆಗೆಯುವ ಮಾರ್ಗ ಈಗ ಗೊತ್ತಿದೆ. ಅಭಾವದ ಕಾಲಕ್ಕೆ ಕಣಜದಲ್ಲಿಟ್ಟ ಧಾನ್ಯದಂತೆ ಇದರ ಬೆಲೆಯನ್ನು ಅಳೆಯಬೇಕು.

ಗಸಗಸೆ, ದತ್ತೂರಿ, ನಿತ್ಯಪುಷ್ಪ

ಆರ್ಟೆಮಿಸಿನಿನ್ ಬಳಿಕ ವಿಜ್ಞಾನಿಗಳು ಇನ್ನಷ್ಟು ಕ್ಲಿಷ್ಟವಾದ ಆಲ್ಕಲಾಯ್ಡ್ ವರ್ಗದತ್ತ ತಿರುಗಿದರು. 2015ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಕ್ರಿಸ್ಟಿನಾ ಸ್ಮೋಲ್ಕ್ ಅವರ ತಂಡ ಗಸಗಸೆ ಗಿಡದ ನೋವುನಿವಾರಕಗಳನ್ನು ಯೀಸ್ಟಿನಲ್ಲಿ ತಯಾರಿಸಿತು. ಹೈಡ್ರೊಕೋಡೋನ್ ಎಂಬ ಔಷಧಕ್ಕಾಗಿ ಸಸ್ಯ, ಬ್ಯಾಕ್ಟೀರಿಯ ಮತ್ತು ಇಲಿಯಿಂದ ತಂದ 23 ಕಿಣ್ವಗಳನ್ನು ಒಂದೇ ಕೋಶದಲ್ಲಿ ಹೂಡಬೇಕಾಯಿತು. ಮನೆಯಲ್ಲೇ ಮಾದಕ ವಸ್ತು ತಯಾರಿಸುವ ಕಾಲ ಬಂದಿತೇ ಎಂಬ ಆತಂಕವೂ ಜೊತೆಗೇ ಎದ್ದಿತು. ಅಂತಹ ಯೀಸ್ಟ್ ತಳಿಗಳ ಮೇಲೆ ಮೊದಲೇ ನಿಯಂತ್ರಣವಿರಬೇಕೆಂದು ತಜ್ಞರು ಆ ವರ್ಷವೇ ಒತ್ತಾಯಿಸಿದರು. ಆದರೆ ಅಂದಿನ ಇಳುವರಿ ಎಷ್ಟಿತ್ತೆಂದರೆ, ಒಬ್ಬ ರೋಗಿಗೆ ಒಂದು ಸಲ ಕೊಡುವಷ್ಟು ಔಷಧಕ್ಕೆ 16 ಸಾವಿರ ಲೀಟರಿಗೂ ಹೆಚ್ಚು ಯೀಸ್ಟ್ ದ್ರವ ಬೇಕಾಗಿತ್ತು.

2020ರಲ್ಲಿ ಅದೇ ಪ್ರಯೋಗಾಲಯದ ಪ್ರಶಾಂತ್ ಶ್ರೀನಿವಾಸನ್ ಮತ್ತು ಸ್ಮೋಲ್ಕ್ ಅವರು ಹಯೋಸಯಮೀನ್ ಹಾಗೂ ಸ್ಕೋಪೋಲಮೀನ್ ಎಂಬ ವಸ್ತುಗಳನ್ನು ಯೀಸ್ಟಿನಿಂದ ಪಡೆದರು. ನಮ್ಮ ಬೇಲಿಯ ದತ್ತೂರಿಗೆ ವಿಷಗುಣ ಬಂದಿರುವುದು ಇವುಗಳಿಂದಲೇ. ಸ್ನಾಯುಸೆಳೆತ, ವಾಕರಿಕೆ ಮೊದಲಾದವುಗಳ ಚಿಕಿತ್ಸೆಯಲ್ಲಿ ಇವು ಬಳಕೆಯಾಗುತ್ತವೆ. ಗಿಡದಲ್ಲಿ ಈ ತಯಾರಿ ಬೇರಿನ ವಿವಿಧ ಕೋಶಗಳಲ್ಲಿ ಹಂಚಿಹೋಗಿದೆ. ಯೀಸ್ಟಿಗಿರುವುದು ಒಂದೇ ಕೋಶ. ಆದ್ದರಿಂದ ಆ ಕೋಶದ ಒಳಕೋಣೆಗಳಲ್ಲಿಯೇ ಯಾವ ಕಿಣ್ವ ಎಲ್ಲಿರಬೇಕೆಂಬುದನ್ನು ನಿರ್ಧರಿಸಿ, ಒಂದು ಕೋಣೆಯಿಂದ ಇನ್ನೊಂದಕ್ಕೆ ಸಾಮಗ್ರಿಯನ್ನು ಸಾಗಿಸುವ ವಾಹಕಗಳನ್ನೂ ಒದಗಿಸಬೇಕಾಯಿತು.

ಲೇಖನದ ಆರಂಭದಲ್ಲಿ ಹೇಳಿದ 2022ರ ವಿನ್‌ಬ್ಲಾಸ್ಟೀನ್ ಪ್ರಯೋಗ ಇವೆಲ್ಲಕ್ಕಿಂತ ಜಟಿಲ. ಯೀಸ್ಟಿನ ಸ್ವಂತ ವಸ್ತುಗಳಿಂದ ಹೊರಟು ಸುಮಾರು 30 ಹಂತಗಳು, ಸಸ್ಯಗಳಿಂದ ತಂದ 34 ವಂಶವಾಹಿಗಳು, ಒಟ್ಟು 56 ಆನುವಂಶಿಕ ತಿದ್ದುಪಡಿಗಳು. ಯೀಸ್ಟು ವಿಂಡೋಲಿನ್ ಮತ್ತು ಕ್ಯಾತರಾಂತಿನ್ ಎಂಬ ಎರಡು ಭಾಗಗಳನ್ನು ತಯಾರಿಸಿತು, ಅವೆರಡನ್ನು ರಾಸಾಯನಿಕವಾಗಿ ಬೆಸೆದಾಗ ವಿನ್‌ಬ್ಲಾಸ್ಟೀನ್ ಉಂಟಾಯಿತು. ಇಳುವರಿ ಮಾತ್ರ ಲೀಟರಿಗೆ ಒಂದು ಮಿಲಿಗ್ರಾಮಿಗಿಂತಲೂ ಬಹಳ ಕಡಿಮೆ. ಒಂದು ಕಿಣ್ವ ನಿಧಾನವಾದರೂ ಹಿಂದಿನ ವಸ್ತು ರಾಶಿಬಿದ್ದು ವ್ಯರ್ಥವಾಗುತ್ತದೆ ಅಥವಾ ಯೀಸ್ಟಿನ ಸ್ವಂತ ಕಿಣ್ವಗಳು ಅದನ್ನು ಬೇರೇನಾಗಿಯೋ ಮಾರ್ಪಡಿಸುತ್ತವೆ. ಮೂವತ್ತು ಕೈ ಬದಲಾಗುವ ಹಾದಿಯಲ್ಲಿ ಪ್ರತಿ ಕೈಯಲ್ಲಿಯೂ ಸ್ವಲ್ಪ ಸ್ವಲ್ಪ ಸೋರಿದರೆ ಕೊನೆಗೆ ಉಳಿಯುವುದು ಇಷ್ಟೇ.

ಇದ್ದರೂ ಇಲ್ಲಿ ಭರವಸೆಗೆ ಕಾರಣವಿದೆ. ಆರ್ಟೆಮಿಸಿನಿನ್‌ನ ಗಿಡ ಉದಾರಿ, ನಿತ್ಯಪುಷ್ಪ ಜಿಪುಣ. ಗಿಡ ಎಷ್ಟು ಕಡಿಮೆ ಕೊಡುತ್ತದೆಯೋ ಯೀಸ್ಟಿಗೆ ಗೆಲ್ಲುವ ಅವಕಾಶ ಅಷ್ಟು ಹೆಚ್ಚು. ಅಲ್ಲದೆ, ವಿನ್‌ಬ್ಲಾಸ್ಟೀನಿನ ಹಾದಿಯ ನಡುವೆ ಬರುವ ಸ್ಟ್ರಿಕ್ಟೊಸಿಡಿನ್ ಎಂಬ ವಸ್ತುವು ಸುಮಾರು 3,000 ಆಲ್ಕಲಾಯ್ಡುಗಳ ವಂಶದ ಮೂಲ. ಸಿಂಕೋನಾದ ಕ್ವಿನೈನ್, ಸರ್ಪಗಂಧದ ರಿಸರ್ಪಿನ್ ಇವೆಲ್ಲವೂ ಅದೇ ವಂಶಕ್ಕೆ ಸೇರಿದವು. ಅಲ್ಲಿಯವರೆಗಿನ ರಸ್ತೆ ಒಮ್ಮೆ ಸರಿಯಾದರೆ, ಮುಂದಿನ ಕವಲುಗಳನ್ನು ಒಂದೊಂದಾಗಿ ತೆರೆಯಬಹುದು.

ಇನ್ನೊಂದು ಎಚ್ಚರಿಕೆಯ ಮಾತು ಅಗತ್ಯ. ಔಷಧದ ಅಭಾವ ಎಂದಾಕ್ಷಣ ಗಿಡವೇ ಕಾರಣವೆಂದು ಭಾವಿಸಬಾರದು. 2019ರಲ್ಲಿ ಅಮೆರಿಕದಲ್ಲಿ ವಿನ್‌ಕ್ರಿಸ್ಟೀನ್ ಸಿಗದೆ ಮಕ್ಕಳ ಕ್ಯಾನ್ಸರ್ ಚಿಕಿತ್ಸೆಗೆ ಅಡ್ಡಿಯಾಯಿತು. ಅಲ್ಲಿ ಈ ಔಷಧವನ್ನು ಪೂರೈಸುತ್ತಿದ್ದ ಎರಡು ಕಂಪನಿಗಳಲ್ಲಿ ಒಂದು ಹಿಂದೆ ಸರಿದದ್ದು ಅದಕ್ಕೆ ಕಾರಣ, ಎಲೆಯ ಕೊರತೆಯಲ್ಲ. ಹಳೆಯ, ಅಗ್ಗದ ಔಷಧಗಳಲ್ಲಿ ಲಾಭ ಕಡಿಮೆ. ಯೀಸ್ಟು ಈ ವ್ಯಾಧಿಯನ್ನು ಗುಣಪಡಿಸಲಾರದು.

ಪಶ್ಚಿಮ ಘಟ್ಟದ ಮರ

ಈ ವಿದ್ಯೆಗೂ ಕನ್ನಡ ನಾಡಿನ ಕಾಡಿಗೂ ಇರುವ ನಂಟನ್ನು ತಿಳಿಯಲು ಕ್ಯಾಂಪ್ಟೊಥೆಸಿನ್ ಎಂಬ ವಸ್ತುವನ್ನು ನೋಡಬೇಕು. 1966ರಲ್ಲಿ ಮನ್ರೋ ವಾಲ್ ಮತ್ತು ಭಾರತ ಸಂಜಾತ ಮನಸುಖ ವಾನಿ ಅಮೆರಿಕದಲ್ಲಿ ಇದನ್ನು ಚೀನಾ ಮೂಲದ ಮರವೊಂದರಿಂದ ಬೇರ್ಪಡಿಸಿದರು. ಪಶ್ಚಿಮ ಘಟ್ಟದಲ್ಲಿ ಬೆಳೆಯುವ ದುರ್ವಾಸನೆ ಮರದಲ್ಲಿಯೂ ಇದು ಸಮೃದ್ಧವಾಗಿದೆಯೆಂಬುದನ್ನು 1972ರಲ್ಲಿ ಗೋವಿಂದಾಚಾರಿ ಮತ್ತು ವಿಶ್ವನಾಥನ್ ತೋರಿಸಿಕೊಟ್ಟರು. ಅಂಡಾಶಯ, ದೊಡ್ಡ ಕರುಳು ಮೊದಲಾದವುಗಳ ಕ್ಯಾನ್ಸರಿಗೆ ಬಳಸುವ ಟೋಪೋಟಿಕಾನ್ ಮತ್ತು ಇರಿನೋಟಿಕಾನ್ ಔಷಧಗಳಿಗೆ ಇದೇ ಮೂಲದ್ರವ್ಯ. ಬೇಡಿಕೆ ಬಂದಂತೆ ಘಟ್ಟದ ಮರಗಳಿಗೆ ಕೊಡಲಿ ಬಿದ್ದಿತು. ನಿತ್ಯಪುಷ್ಪವನ್ನು ಹೊಲದಲ್ಲಿ ಬೆಳೆಯಬಹುದು, ಎಲೆ ಕಿತ್ತರೆ ಮತ್ತೆ ಚಿಗುರುತ್ತದೆ. ಮರವನ್ನು ಬುಡಸಮೇತ ತೆಗೆದರೆ ಅಷ್ಟು ಬೇಗ ಮರಳುವುದಿಲ್ಲ.

ಮರದೊಳಗೆ ಸಹಜವಾಗಿ ವಾಸಿಸುವ ಶಿಲೀಂಧ್ರಗಳೂ ಕ್ಯಾಂಪ್ಟೊಥೆಸಿನ್ ಉತ್ಪಾದಿಸುತ್ತವೆಯೆಂಬ ಶೋಧದಿಂದ ಒಂದು ಆಸೆ ಮೂಡಿತು. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಸಂಶೋಧಕರು ಅಂತಹ ಶಿಲೀಂಧ್ರಗಳನ್ನು ಬೇರ್ಪಡಿಸಿ ಸಾಕಿದಾಗ, ಪೀಳಿಗೆಯಿಂದ ಪೀಳಿಗೆಗೆ ಉತ್ಪಾದನೆ ಕುಗ್ಗುತ್ತಾ ಹೋಗುವುದು ಕಂಡುಬಂದಿತು. ಯೀಸ್ಟಿನ ವಂಶವಾಹಿಯಲ್ಲಿಯೇ ಇಡೀ ಹಾದಿಯನ್ನು ಬರೆದು ನೆಲೆಗೊಳಿಸುವ ವಿಧಾನದ ಮಹತ್ವ ಇಲ್ಲಿ ಅರ್ಥವಾಗುತ್ತದೆ. ತೊಟ್ಟಿಯಲ್ಲಿ ಮದ್ದು ದೊರೆತರೆ ಮರದ ಮೇಲಿನ ಒತ್ತಡ ಇಳಿಯುತ್ತದೆ.

ಲಾಭ ಯಾರಿಗೆ?

ಆದರೆ ಇದೇ ಹಂತದಲ್ಲಿ ಕಠಿಣವಾದ ಪ್ರಶ್ನೆಯೊಂದು ಎದುರಾಗುತ್ತದೆ. ಗಿಡವನ್ನು ಕಾಪಾಡಿದವರು, ಅದರ ಗುಣವನ್ನು ತಲೆಮಾರುಗಳಿಂದ ಅರಿತವರು ಒಂದೆಡೆಯಾದರೆ, ಯೀಸ್ಟಿನ ತಳಿಯ ಹಕ್ಕುಸ್ವಾಮ್ಯ ಪಡೆಯುವವರು ಇನ್ನೊಂದೆಡೆ. ಹಿಂದೆ ಕನಿಷ್ಠ ಎಲೆಯನ್ನೋ ಬೇರನ್ನೋ ಕೊಳ್ಳಲು ವ್ಯಾಪಾರಿ ಗಿಡವಿದ್ದ ಊರಿಗೆ ಬರಬೇಕಿತ್ತು. ಇಂದು ಅದರ ಅಗತ್ಯವೂ ಇಲ್ಲ. ಗಿಡದ ಆನುವಂಶಿಕ ಲಿಪಿ ಅಂತರಜಾಲದ ಭಂಡಾರಗಳಲ್ಲಿ ಲಭ್ಯ. ಅದನ್ನು ನೋಡಿ ವಂಶವಾಹಿಯನ್ನು ಯಂತ್ರದಲ್ಲಿಯೇ ಕೃತಕವಾಗಿ ತಯಾರಿಸಿಕೊಳ್ಳಬಹುದು. ಎಲೆಯೊಂದೂ ಗಡಿ ದಾಟದೆ ಗಿಡದ ಗುಣ ಗಡಿ ದಾಟಿಹೋಗುತ್ತದೆ.

ಭಾರತದ 2002ರ ಜೀವವೈವಿಧ್ಯ ಕಾಯ್ದೆಯು ಜೈವಿಕ ಸಂಪನ್ಮೂಲಗಳಿಂದ ಬರುವ ಲಾಭದಲ್ಲಿ ಸ್ಥಳೀಯರಿಗೆ ಪಾಲು ದೊರೆಯಬೇಕೆಂದು ವಿಧಿಸುತ್ತದೆ. ಆದರೆ ಅದು ರೂಪುಗೊಂಡದ್ದು ಬೇರು, ತೊಗಟೆ, ಬೀಜಗಳನ್ನು ಕಣ್ಣಮುಂದಿಟ್ಟುಕೊಂಡು. ಕಂಪ್ಯೂಟರಿನಲ್ಲಿರುವ ಲಿಪಿಗೆ ಪಾಲು ಕೇಳುವುದು ಹೇಗೆಂಬ ಚರ್ಚೆ ಅಂತಾರಾಷ್ಟ್ರೀಯ ಮಟ್ಟದಲ್ಲಿ ವರ್ಷಗಳ ಕಾಲ ನಡೆದು, 2024ರಲ್ಲಿ ಕೊಲಂಬಿಯಾದ ಕಾಲಿ ನಗರದ ಜೀವವೈವಿಧ್ಯ ಸಮಾವೇಶದಲ್ಲಿ ‘ಕಾಲಿ ನಿಧಿ’ಯ ಸ್ಥಾಪನೆಗೆ ಒಪ್ಪಿಗೆ ದೊರೆಯಿತು. ಇಂತಹ ಲಿಪಿಯಿಂದ ಲಾಭ ಪಡೆಯುವ ದೊಡ್ಡ ಕಂಪನಿಗಳು ಅದಕ್ಕೆ ದೇಣಿಗೆ ನೀಡಬೇಕೆಂಬುದು ಆಶಯ. 2025ರ ಫೆಬ್ರವರಿಯಲ್ಲಿ ನಿಧಿ ಆರಂಭವಾಗಿದ್ದರೂ, ಹಣ ನೀಡುವುದು ಕಂಪನಿಗಳ ಇಚ್ಛೆಗೆ ಬಿಟ್ಟ ವಿಷಯವಾಗಿಯೇ ಉಳಿದಿದೆ.

ರೈತನ ಪಾಲೂ ಮರೆಯತಕ್ಕದ್ದಲ್ಲ. ಆರ್ಟೆಮಿಸಿನಿನ್ ಪ್ರಸಂಗದಲ್ಲಿ ಹೊಲ ಗೆದ್ದಿತೇನೋ ಹೌದು. ಆದರೆ ಆ ಗೆಲುವಿನ ಅರ್ಥ ಬೆಳೆಗಾರ ಅತಿ ಅಗ್ಗಕ್ಕೆ ಮಾರಿದನೆಂಬುದೂ ಆಗಿದೆ. ಯೀಸ್ಟಿನ ಭಯದಿಂದ ರೈತ ಬೆಳೆ ಬಿಟ್ಟು, ಅತ್ತ ಕಾರ್ಖಾನೆಯೂ ಲಾಭವಿಲ್ಲವೆಂದು ಬಾಗಿಲು ಮುಚ್ಚಿದರೆ ಎರಡೂ ಕಡೆಯಿಂದ ನಷ್ಟವಾಗುವುದು ರೋಗಿಗೆ. ಒಬ್ಬ ವಯಸ್ಕ ಮಲೇರಿಯಾ ರೋಗಿಯ ಮೂರು ದಿನದ ಪೂರ್ಣ ಚಿಕಿತ್ಸೆಯ ಮಾತ್ರೆಗಳಲ್ಲಿ ಆರ್ಟೆಮಿಸಿನಿನ್‌ನಿಂದ ತಯಾರಿಸಿದ ಆರ್ಟಿಮೀಥರ್ ಇರುವುದು ಕೇವಲ 480 ಮಿಲಿಗ್ರಾಂ. ಅಷ್ಟನ್ನು ಹೊಲವೇ ಕೊಡಲಿ, ತೊಟ್ಟಿಯೇ ಕೊಡಲಿ, ಜ್ವರದಲ್ಲಿ ನಡುಗುತ್ತಿರುವ ಮಗುವಿನ ತಾಯಿಗೆ ಅದರ ಭೇದವಿಲ್ಲ. ಬೇಕಾದ ದಿನ, ಕೊಳ್ಳಬಲ್ಲ ಬೆಲೆಗೆ ಮದ್ದು ಸಿಗಬೇಕು. ಹೊಲ ಮತ್ತು ತೊಟ್ಟಿ ಎರಡನ್ನೂ ಜೀವಂತವಾಗಿಡುವ ಖರೀದಿ ವ್ಯವಸ್ಥೆಯನ್ನು ಸರಕಾರಗಳೂ ಆರೋಗ್ಯ ಸಂಸ್ಥೆಗಳೂ ರೂಪಿಸಬೇಕಾಗಿದೆ. ವಿಜ್ಞಾನಿಗಳು ತಮ್ಮ ಪಾಲಿನ ಕೆಲಸವನ್ನು ಬಹುಮಟ್ಟಿಗೆ ಮಾಡಿ ತೋರಿಸಿದ್ದಾರೆ. ಉಳಿದ ಕೆಲಸ ಪ್ರಯೋಗಾಲಯದ ಹೊರಗಿದೆ.